ಎರಡು ಪಾಯಿಂಟ್ ಒಂದು ಮುಚ್ಚಳ

ಬೋರಮ್ಮ ಮಜ್ಜಿಗೆಯ ಲೋಟವನ್ನು ಜಗಲಿಯ ಮೇಲೆ ಕುಕ್ಕಿದರು.

"ಮನೆಗೆ ಬಂದೋರ್ಗೆ ಕೊಡ್ಬೇಕಲ್ಲ ಅಂತ ಕೊಟ್ಟಿವ್ನಿ. ನಿಮ್ಮ ಮಕ ನೋಡಿ ಅಲ್ಲ."

ಕುಡಿಯದಿದ್ದರೆ ಅವರಿಗೆ ಅವಮಾನ, ಕುಡಿದರೆ ನನಗೆ. ಕುಡಿದೆ.

ನಾನು ಸಾತನೂರು ಕಡೆಯ ಈ ಹಳ್ಳಿಗೆ ಮತ್ತೆ ಬಂದದ್ದು ಅವರ ಸೊಸೆ ಸೌಮ್ಯಳ ಫೋನನ್ನು ವಾಪಸು ಕೊಡುವುದಕ್ಕೆ. ನಿನ್ನೆ ಹಾಲಿನ ಡೈರಿಯ ಮುಂದೆ ಅರ್ಧ ಊರು ಸೇರಿದ್ದಾಗ, "ಈ ಹೆಣ್ಣುಮಗಳು ಸುಳ್ಳು ಹೇಳುತ್ತಿದ್ದಾಳೆ" ಎಂದು ಇದೇ ಬಾಯಲ್ಲಿ ಹೇಳಿದ್ದೆ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಮನೆಗೆ ನಡೆದಿದ್ದಳು. ಜನ ನನ್ನ ಕಡೆ ನೋಡಿ ತಲೆದೂಗಿದ್ದರು. ನನಗೂ ಎದೆ ಒಸಿ ಉಬ್ಬಿತ್ತು ಎಂದು ಈಗ ಬರೆಯುವುದಕ್ಕೆ ನಾಚಿಕೆಯಾಗುತ್ತದೆ.

ಸೌಮ್ಯ ಪಶುಸಖಿ. ಮನೆ ಮನೆಗೆ ಹೋಗಿ, ಕುರಿ ಮೇಕೆಗೆ ಯಾವ ಔಷಧಿ ಎಷ್ಟು ಎಂದು ಫೋನಿನ 'ಮಂದೆಮಿತ್ರ' ಆಪ್ ನೋಡಿ ಹೇಳುವುದು ಅವಳ ಕೆಲಸ. ಹನ್ನೊಂದನೇ ತಾರೀಕು ಸಿದ್ದಯ್ಯನ ಕೊಟ್ಟಿಗೆಗೆ ಹೋಗಿ ಉಣ್ಣಿ ತೊಳೆಯುವ ಔಷಧಿಯ ಅಳತೆ ಹೇಳಿದ್ದಳು, ಬಾಟಲಿಯ ಮೇಲೂ ಬರೆದುಕೊಟ್ಟಿದ್ದಳು. ಹದಿನಾಲ್ಕಕ್ಕೆ ಸಿದ್ದಯ್ಯ ಮಂದೆಗೆ ಮೈ ತೊಳೆಸಿದ. ಸಂಜೆಯ ಹೊತ್ತಿಗೆ ಹತ್ತೊಂಬತ್ತು ಕುರಿ ಕಾಲು ಚಾಚಿ ಮಲಗಿದ್ದವು.

ಬಾಟಲಿಯ ಮೇಲಿದ್ದದ್ದು ಅವಳದೇ ಅಕ್ಷರ: ಹತ್ತು ಲೀಟರ್ ನೀರಿಗೆ 11 ಮುಚ್ಚಳ. ಆಪ್‌ನಲ್ಲಿ ಇದ್ದದ್ದು ಹದಿನೈದು ಮಿಲಿ, ಅಂದರೆ ಮೂರು ಮುಚ್ಚಳ. ಫೋನಲ್ಲಿ ಹನ್ನೊಂದು ಅಂತಲೇ ಇತ್ತು ಎಂದು ಅವಳು ಸಾಧಿಸಿದಳು. ಇಲ್ಲ ಎಂದು ನಾನು ಅವಳದೇ ಫೋನು ತೆರೆದು ಎಲ್ಲರಿಗೂ ತೋರಿಸಿದೆ. ಮೂವತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆಸಿ, ನಿವೃತ್ತನಾಗಿ ಖಾಸಗಿ ಪತ್ತೇದಾರಿ ಮಾಡುವ, ಈ ತನಿಖೆಗೆ ಆಪ್‌ನ ಯಜಮಾನನೇ ಕರೆಸಿದ್ದ ನಟರಾಜು ಎಂಬ ಮನುಷ್ಯನಿಗೆ ಇಷ್ಟು ಸಾಕಾಗಿತ್ತು.

ಇವತ್ತು ನಾಲ್ಕು ಗಂಟೆಗೆ ಕುರಿಗಾರರ ಸಂಘದ ಸಭೆ. 'ಆಪ್ ಸರಿಯಾಗಿಯೇ ಇತ್ತು, ನಾನೇ ತಪ್ಪು ಓದಿ ಹೇಳಿದೆ' ಎಂಬ ಕಾಗದ ಸಿದ್ಧವಾಗಿತ್ತು. ಸೌಮ್ಯ ಅದಕ್ಕೆ ಸಹಿ ಹಾಕಿದರೆ ಕೆಲಸ ಹೋಗುತ್ತದೆ. ನಾಳೆ ಠಾಣೆಗೆ ಹೋಗುವ ದೂರಿನಲ್ಲೂ ಅವಳದೊಂದೇ ಹೆಸರಿರುತ್ತದೆ.

"ಒಳಗವ್ಳಾ?" ಎಂದೆ.

"ಅವ್ಳೆ. ನೆನ್ನೆಯಿಂದ ಒಂದು ತುತ್ತು ಉಂಡಿಲ್ಲ." ಬೋರಮ್ಮ ಫೋನನ್ನು ಕೈಯಿಂದ ಕಿತ್ತುಕೊಂಡರು. ಒಳಗಿಂದ ಒಂದು ನೋಟ್ ಬುಕ್ ತಂದು ನನ್ನ ತೊಡೆಯ ಮೇಲೆ ಹಾಕಿದರು. "ಇದ್ನೂ ತಕ್ಕಂಡ್ ಹೋಗಿ. ಇನ್ನೇನ್ ಬರಿಯೋದೈತೆ ಅವ್ಳಿಗೆ."

ಇನ್ನೂರು ಪುಟದ ಬುಕ್ಕು. ಈ ಹಳ್ಳಿ ಇರುವುದು ತಗ್ಗಿನಲ್ಲಿ. ಸಿಗ್ನಲ್ ಬೇಕೆಂದರೆ ಗುಡ್ಡದ ಮೇಲಿನ ಬಂಡೆ ಹತ್ತಬೇಕು. ಅದಕ್ಕೆ ಸೌಮ್ಯ ಫೋನಲ್ಲಿ ಕಂಡದ್ದನ್ನೆಲ್ಲ ಅಂದಂದೇ ಬುಕ್ಕಿಗೆ ಇಳಿಸುತ್ತಿದ್ದಳು. ದುಂಡನೆಯ ಅಕ್ಷರ, ಒಂದು ಕಡೆಯೂ ಗೀಚಿಲ್ಲ. ನಿನ್ನೆ ಇದನ್ನು ಅವಳು ನನ್ನ ಕೈಗೆ ಕೊಡಲು ಬಂದಿದ್ದಳು. ಬೇಡ ಎಂದು ಕೈ ಅಡ್ಡ ಹಿಡಿದಿದ್ದೆ.

ಹನ್ನೊಂದನೇ ತಾರೀಕಿನ ಪುಟ ತೆರೆದೆ.

ಉಣ್ಣಿ ತೊಳೆಯೋ ನೀರು, 10 ಲೀಟರಿಗೆ 11 ಮುಚ್ಚಳ. ಅದರ ಕೆಳಗೆ ಜಂತುಹುಳುವಿನ ಔಷಧಿ. ದೊಡ್ಡ ಕುರಿಗೆ 1 ಮುಚ್ಚಳ. ಮರಿಗೆ 2.1 ಮುಚ್ಚಳ.

ಕೊನೆಯ ಸಾಲನ್ನು ಮತ್ತೆ ಓದಿದೆ. ಮರಿಗೆ ದೊಡ್ಡ ಕುರಿಗಿಂತ ಎರಡರಷ್ಟು? ಅದೂ ಎರಡು ಪಾಯಿಂಟ್ ಒಂದು?

"ಅವ್ವಾ, ಮುಚ್ಚಳದಲ್ಲಿ ಪಾಯಿಂಟ್ ಒಂದು ಅಂದ್ರೆ ನೀವು ಎಷ್ಟು ಹುಯ್ತೀರಿ?"

"ಅದೆಂತದಪ್ಪ ಪಾಯಿಂಟು? ಅರ್ಧ ಅಂತೀವಿ, ಕಾಲು ಅಂತೀವಿ. ಮುಕ್ಕಾಲು ಅಂತೀವಿ."

ನಾನೂ ಕುರಿ ಕಟ್ಟಿದ ಮನೆಯಲ್ಲೇ ಹುಟ್ಟಿದವನು. ನಮ್ಮಜ್ಜನ ಕಾಲದಿಂದಲೂ ಔಷಧಿಯ ಅಳತೆ ಎಂದರೆ ಬಾಟಲಿಯ ಮುಚ್ಚಳವೇ. ಪಾಯಿಂಟ್ ಹಾಕಿ ಮುಚ್ಚಳ ಅಳೆದವರನ್ನು ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಕಂಡಿಲ್ಲ. ಸುಳ್ಳು ಹೇಳುವವರು ನಂಬುವಂಥ ಸುಳ್ಳನ್ನು ಹೇಳುತ್ತಾರೆ. ಇದು ಯಾವ ಮನುಷ್ಯನ ತಲೆಯಿಂದಲೂ ಬರುವ ಲೆಕ್ಕವಲ್ಲ.

ಆ ಸಾಲಿನ ಪಕ್ಕದಲ್ಲಿ ಸಣ್ಣದೊಂದು ಪ್ರಶ್ನೆ ಚಿಹ್ನೆಯಿತ್ತು.

"ಸೌಮ್ಯಾ," ಎಂದು ಮುಚ್ಚಿದ ಬಾಗಿಲಿಗೆ ಕೇಳುವಂತೆ ಕರೆದೆ. "ಇದಕ್ಕೆ ಯಾಕವ್ವ ಪ್ರಶ್ನೆ ಹಾಕಿದ್ದೀಯ?"

ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು.

"ಮರೀಗ್ ಜಾಸ್ತಿ ಯಾಕೆ ಅಂತ ಅನುಮಾನ ಬಂತಣ್ಣ. ಡಾಕ್ಟ್ರುನ್ನ ಕೇಳಾನ ಅಂತ ಬರ್ಕಂಡೆ. ಯಾವ ಮರೀಗೂ ಹಾಕ್ಸಿಲ್ಲ. ಉಣ್ಣಿ ಔಷ್ದಿ ಹೊಸ್ದು, ಅದ್ರ ಅಳ್ತೆ ನಂಗೊತ್ತಿರ್ಲಿಲ್ಲ. ಫೋನಲ್ಲಿ ಇದ್ದಿದ್ದನ್ನೇ ಹೇಳ್ದೆ."

ನಿನ್ನೆಯೂ ಅವಳು ಇದೇ ಮಾತು ಹೇಳಿದ್ದಳು. ನಾನು ಕೇಳಿಸಿಕೊಂಡಿರಲಿಲ್ಲ.

"ರಾಮನಗರಕ್ಕೆ ಹೋಗಿ ನಾಲ್ಕು ಗಂಟೆಗೆ ಬರ್ತೀನಿ. ಅಲ್ಲಿವರ್ಗೂ ಯಾವ ಕಾಗದಕ್ಕೂ ಸೈನ್ ಹಾಕ್ಬೇಡ," ಎಂದೆ.

ಬುಕ್ಕನ್ನು ಅಂಗಿಯೊಳಗೆ ಸೇರಿಸಿ ಬೈಕು ಹತ್ತಿದೆ.

* * *

ಚನ್ನಪಟ್ಟಣದ ದಾರಿ ಹಿಡಿದು ರಾಮನಗರ ಮುಟ್ಟುವ ಹೊತ್ತಿಗೆ ಹನ್ನೆರಡೂವರೆ. ಮಂದೆಮಿತ್ರದ ಆಫೀಸು ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ. ಎರಡು ಕೋಣೆ, ನಾಲ್ಕು ಕಂಪ್ಯೂಟರು. ಕಿಟಕಿ ಮುಚ್ಚಿದರೂ ಗೂಡಿನ ವಾಸನೆ ಒಳಗೇ ಇರುತ್ತದೆ. ಯಜಮಾನ ಜಯಕುಮಾರ್ ಊಟಕ್ಕೆ ಹೋಗಿದ್ದ. ಪ್ರೋಗ್ರಾಮರ್ ನಯನ ಒಬ್ಬಳೇ ಡಬ್ಬಿ ಬಿಚ್ಚಿ ಕೂತಿದ್ದಳು. ಮುದ್ದೆ ಮುರಿದಿರಲಿಲ್ಲ.

ಆಪ್ ಕಟ್ಟಿದವಳು ಇವಳೇ. ಎರಡು ದಿನದ ಹಿಂದೆ ಕೋಡ್ ತೆರೆದು, "ನೋಡಿ ಸರ್, ಹದಿನೈದು ಮಿಲಿ ಅಂತ ಸರಿಯಾಗೇ ಇದೆ" ಎಂದು ನನಗೆ ತೋರಿಸಿದವಳೂ ಇವಳೇ.

ಬುಕ್ಕನ್ನು ಅವಳ ಡಬ್ಬಿಯ ಪಕ್ಕಕ್ಕೆ ಇಟ್ಟು ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ.

"ಮರಿಗೆ ನಿಮ್ಮ ಕೋಡಲ್ಲಿ ಎಷ್ಟಿದೆ?"

"ಎರಡೂವರೆ ಮಿಲಿ ಸರ್. ಟೂ ಪಾಯಿಂಟ್ ಫೈವ್." ಸಾಲು ಓದಿದಳು. ಅವಳ ಕೈ ಡಬ್ಬಿಯ ಮುಚ್ಚಳದ ಮೇಲೆ ಹಾಗೇ ನಿಂತಿತು.

"ನೀವು ಬರೆದ ಕೋಡು ಹಂಗೇ ಫೋನಿಗೆ ಹೋಗುತ್ತಾ? ಮಧ್ಯ ಯಾರಾದ್ರೂ ಕೈ ಹಾಕ್ತಾರಾ?"

"ಯಾರೂ ಹಾಕಲ್ಲ." ಡಬ್ಬಿ ಪಕ್ಕಕ್ಕೆ ಸರಿಸಿದಳು. "ಬಿಲ್ಡ್ ಆಗುತ್ತೆ ಸರ್. ನಾವು ಬರೆಯೋದು ನೂರಾರು ಫೈಲು. ಬಂಡ್ಲರ್ ಅಂತ ಒಂದು ಪ್ರೋಗ್ರಾಂ ಎಲ್ಲಾನೂ ಸೇರಿಸಿ, ಸಣ್ಣ ಮಾಡಿ, ಒಂದೇ ಗಂಟು ಕಟ್ಟುತ್ತೆ. ಜನರ ಫೋನಿಗೆ ಹೋಗೋದು ಆ ಗಂಟು."

"ಅಂದ್ರೆ ರಾಗಿ ಮಿಲ್ಲು."

"ಹೂಂ, ಹಂಗೇ."

ಎರಡು ದಿನದ ಹಿಂದೆ ನಾನು ನೋಡಿದ್ದು ರಾಗಿಯನ್ನು. ಹಿಟ್ಟು ಚೆನ್ನಾಗಿದೆ ಎಂದು ಊರ ಮುಂದೆ ಸರ್ಟಿಫಿಕೇಟು ಕೊಟ್ಟುಬಂದಿದ್ದೆ.

"ಆ ಮಿಲ್ಲಲ್ಲಿ ಏನಾದ್ರೂ ಬದಲಾಗೋಕೆ ಸಾಧ್ಯ ಉಂಟಾ?"

ನಯನ ತಲೆ ತಗ್ಗಿಸಿದಳು. "ಬಂಡ್ಲರ್‌ಗೆ ಪ್ಲಗಿನ್ ಅಂತ ಸಣ್ಣ ಸಣ್ಣ ತುಣುಕು ಸೇರಿಸ್ಬಹುದು ಸರ್. ಒಂದು ಪ್ಲಗಿನ್ ಐತೆ. ಇಂಥ ಪದ ಕಂಡ ಕಡೆಯೆಲ್ಲ ಅದನ್ನ ತೆಗೆದು ಇಂಥದ್ದು ಹಾಕು ಅಂದ್ರೆ, ಗಂಟು ಕಟ್ಟೋವಾಗ ಹಾಕ್ಬಿಡುತ್ತೆ. ನಾವು ಬರೆದಿರೋ ಫೈಲು ಮುಟ್ಟಲ್ಲ. ಅದು ಹಂಗೇ ಇರುತ್ತೆ."

"ನೀವು ಏನು ಹಾಕು ಅಂದಿದ್ರಿ?"

"ಮಿಲಿ ಅಂದ್ರೆ ಕುರಿಯೋರಿಗೆ ತಿಳಿಯಲ್ಲ, ಮುಚ್ಚಳದಲ್ಲಿ ಹೇಳಿ ಅಂತ ಸಂಘದೋರು ಕೇಳಿದ್ರು. ನೂರಾರು ಕಡೆ ಕೈಯಲ್ಲಿ ತಿದ್ದೋಕೆ ಟೈಮಿರ್ಲಿಲ್ಲ. ಆರನೇ ತಾರೀಕು ಒಂದು ಸಾಲು ಹಾಕಿದೆ. '5 ಮಿಲಿ' ಅಂತ ಕಂಡ್ರೆ '1 ಮುಚ್ಚಳ' ಅಂತ ಮಾಡು. ಮುಚ್ಚಳಕ್ಕೆ ಐದು ಮಿಲಿ ಹಿಡಿಯುತ್ತಲ್ಲ, ಅದಕ್ಕೆ. ದೊಡ್ಡ ಕುರಿ ಪುಟ ತೆರೆದು ನೋಡ್ದೆ. ಒಂದು ಮುಚ್ಚಳ ಅಂತ ಬಂತು. ಸರಿ ಅಂದ್ಕೊಂಡು ರಜ ಹಾಕಿ ಮಾಗಡಿಗೆ ಹೋದೆ, ಅಕ್ಕನ ಹೆರಿಗೆ ಇತ್ತು."

"ಹದಿನೈದು?"

ಅವಳು ಪೆನ್ನು ತೆಗೆದು ಪೇಪರಿನ ಮೇಲೆ '15 ಮಿಲಿ' ಎಂದು ಬರೆದಳು. ಒಂದರ ಮೇಲೆ ಬೆರಳಿಟ್ಟು ಮುಚ್ಚಿದಳು. ಉಳಿದದ್ದು '5 ಮಿಲಿ'.

"ಅದಕ್ಕೆ ಲೆಕ್ಕ ಬರಲ್ಲ ಸರ್. ಅಕ್ಷರ ಹುಡುಕುತ್ತೆ ಅಷ್ಟೇ. ಐದರ ಎಡಗಡೆ ಇನ್ನೊಂದು ಅಂಕಿ ಐತಾ ಅಂತ ನೋಡು ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ." ಬಾಲದ ಐದು ಮಿಲಿಯನ್ನು ಹೊಡೆದು ಅಲ್ಲಿ '1 ಮುಚ್ಚಳ' ಎಂದು ಬರೆದಳು. ಬೆರಳು ತೆಗೆದಳು. ಪೇಪರಿನ ಮೇಲೆ 11 ಮುಚ್ಚಳ ಎಂದಿತ್ತು.

ಅದರ ಕೆಳಗೆ ತಾನಾಗಿಯೇ 2.5 ಬರೆದು ಅದನ್ನೂ ಹಾಗೇ ಮಾಡಿದಳು. 2.1 ಮುಚ್ಚಳ.

ಆ ಪೇಪರನ್ನು ಮಡಚಿ ಬುಕ್ಕಿನೊಳಗೆ ಇಟ್ಟೆ.

"ಎರಡು ದಿನದ ಹಿಂದೆ ಇದನ್ನ ಯಾಕೆ ಹೇಳ್ಲಿಲ್ಲ?"

"ಭಯ ಆಯ್ತು ಸರ್. ಕುರಿ ಸತ್ತ ಸುದ್ದಿ ಕೇಳಿ ರಾತ್ರಿ ಇಡೀ ನಿದ್ದೆ ಇಲ್ದೆ ಬೆಳಿಗ್ಗೆ ಬಂದು ಮೊದಲು ಅದನ್ನೇ ನೋಡ್ದೆ. ಆ ಸಾಲೇ ಇರ್ಲಿಲ್ಲ. ಹಂಗಾದ್ರೆ ನಾನು ಹಾಕೇ ಇರ್ಲಿಲ್ವೇನೋ, ಹೊರಗೆ ಹೋಗೇ ಇಲ್ವೇನೋ ಅಂತ ಸಮಾಧಾನ ಮಾಡ್ಕೊಂಡೆ." ಕಣ್ಣು ಒರೆಸಿಕೊಂಡಳು. "ಆ ಸಮಾಧಾನಕ್ಕೇ ಈಗ ನಾಚಿಕೆ ಆಗ್ತಿರೋದು."

ಅವಳನ್ನು ಬೈಯಲು ಬಾಯಿ ತೆರೆದೆ. ಬೈಯುವ ಯೋಗ್ಯತೆ ನನಗಿಲ್ಲ ಎಂದು ಅಷ್ಟರಲ್ಲೇ ಗೊತ್ತಾಯಿತು. ಯಾಕೆಂದರೆ ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದು ನಿಂತಿತ್ತು.

"ಹದಿನಾರನೇ ತಾರೀಕು ನಾನು ಸೌಮ್ಯನ ಫೋನು ಇಲ್ಲಿಗೆ ತಂದಿದ್ನಲ್ಲ. ಅದರಲ್ಲಿ ಆಗ ಯಾವ ಗಂಟು ಇತ್ತು?"

"ಅವರ ಊರಲ್ಲಿ ನೆಟ್ ಇಲ್ಲ ಅಂದ್ರೆ ಹಳೇದೇ ಇರುತ್ತೆ ಸರ್. ನೆಟ್ ಸಿಕ್ಕಿದ ತಕ್ಷಣ ಹೊಸದು ಇಳಿದು ಹಳೇದು ಅಳಿಸಿ ಹೋಗುತ್ತೆ."

"ಇಲ್ಲಿಯ ವೈಫೈಗೆ ಹಾಕಿದ್ರೆ?"

"ಹಾಕಿದ ಕೂಡ್ಲೇ."

ನಾನೇ ಹಾಕಿಸಿದ್ದೆ. ಸಾಕ್ಷಿ ಎಂದು ಅವಳ ಕೈಯಿಂದ ಕಿತ್ತುಕೊಂಡು ಬಂದ ಫೋನನ್ನು ಇದೇ ಮೇಜಿನ ಮೇಲೆ ಇಟ್ಟು, ತೆರೆದು ನೋಡುವ ಮೊದಲೇ ವೈಫೈಗೆ ಸೇರಿಸಲು ಬಿಟ್ಟಿದ್ದೆ. ಅವಳ ಪರವಾಗಿದ್ದ ಒಂದೇ ಸಾಕ್ಷಿಯನ್ನು ನನ್ನ ಕಣ್ಣೆದುರೇ ಅಳಿಸಿಹಾಕಿ, ಆ ಬರಿದಾದ ಫೋನನ್ನೇ ಎತ್ತಿ ಹಿಡಿದು ಅವಳನ್ನು ಸುಳ್ಳಿ ಎಂದೆ. ಠಾಣೆಯಲ್ಲಿದ್ದಾಗ ಕಾನ್‌ಸ್ಟೇಬಲ್ ಯಾರಾದರೂ ಹೀಗೆ ಮಾಡಿದ್ದರೆ ನಾನು ಅವನ ಮುಖ ನೋಡುತ್ತಿರಲಿಲ್ಲ. ಮೇಜಿನ ಗಾಜಿನಲ್ಲಿ ನನ್ನದೇ ಮುಖ ಕಾಣುತ್ತಿತ್ತು. ಅದನ್ನೂ ನೋಡಲಾಗಲಿಲ್ಲ.

ಅವತ್ತು ಪಾಸ್‌ವರ್ಡ್ ಒತ್ತಿದ್ದು ಮಾತ್ರ ನಾನಲ್ಲ. "ಕೊಡಿ ನಟರಾಜಣ್ಣ, ನಿಮ್ಗೆ ಗೊತ್ತಾಗಲ್ಲ" ಎಂದು ಜಯಕುಮಾರ್ ಕೈ ಚಾಚಿದ್ದ.

"ನಯನ, ಆ ಸಾಲು ತೆಗೆದದ್ದು ಯಾರು?"

ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಯಾರು ಯಾವತ್ತು ಏನು ಬದಲಾಯಿಸಿದರು ಎಂಬ ಪಟ್ಟಿ ತೆರೆಯಿತು. ಒಂದು ಸಾಲಿನ ಮೇಲೆ ಬಾಣ ನಿಂತಿತು.

ಹನ್ನೆರಡನೇ ತಾರೀಕು, ಬೆಳಿಗ್ಗೆ ಹತ್ತೂ ನಲವತ್ತು. 'ಅನವಶ್ಯಕ ಸಾಲು ತೆಗೆದಿದೆ.' ಹೆಸರು, ಜಯಕುಮಾರ್.

ಕುರಿಗಳು ಸತ್ತದ್ದು ಹದಿನಾಲ್ಕಕ್ಕೆ.

* * *

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಜಯಕುಮಾರ್ ಹಲ್ಲಿಗೆ ಕಡ್ಡಿ ಹಾಕಿಕೊಂಡು ಒಳಗೆ ಬಂದ. ನನ್ನನ್ನು ನೋಡಿ ನಕ್ಕ. ಪರದೆಯನ್ನು ನೋಡಿ ಕಡ್ಡಿ ತೆಗೆದ.

"ಎರಡು ದಿನ ಮೊದ್ಲೇ ನಿನಗೆ ಗೊತ್ತಿತ್ತು," ಎಂದೆ.

"ಕೂತ್ಕೊಳಿ ನಟರಾಜಣ್ಣ."

"ನಿಂತೇ ಇರ್ತೀನಿ. ಹೇಳು."

ಅವನು ಬಾಗಿಲು ಮುಂದೆ ಮಾಡಿದ. "ತಪ್ಪು ಕಂಡಿತು, ತೆಗೆದೆ. ತೆಗೀಬಾರ್ದಿತ್ತಾ?"

"ತೆಗೆದು ಯಾರಿಗೆ ಹೇಳಿದೆ? ಹಳೇ ಗಂಟು ಇರೋ ಫೋನು ಎಷ್ಟು ಊರಲ್ಲಿ ಎಷ್ಟಿದ್ವು? ಒಂದು ಮಾತು ಹೇಳಿಕಳ್ಸಿದ್ದಿದ್ರೆ ಸೌಮ್ಯ ಅವತ್ತೇ ಹೋಗಿ ಬಾಟ್ಲಿ ಮೇಲಿಂದು ಅಳಿಸಿ ಬರ್ತಿದ್ಲು."

"ಆಪ್ ತಪ್ಪು ಹೇಳುತ್ತೆ ಅಂತ ಒಂದ್ಸಲ ಬಾಯಿಗೆ ಬಿದ್ರೆ ಕುದೂರಿಂದ ದೊಡ್ಡಆಲಹಳ್ಳಿ ತಂಕ ಯಾರೂ ಮುಟ್ಟಲ್ಲ. ಆರು ವರ್ಷದ ಕೆಲಸ ಅಣ್ಣ ಇದು. ಎರಡು ದಿನದಲ್ಲಿ ಎಲ್ಲರ ಫೋನಲ್ಲೂ ತಾನೇ ಸರಿ ಹೋಗುತ್ತೆ ಅಂದ್ಕೊಂಡೆ."

"ಅದಕ್ಕೆ ನನ್ನ ಕರೆಸಿದೆ. ಆ ಹೆಣ್ಣುಮಗಳ ತಲೆಗೆ ಕಟ್ಟೋಕೆ."

ಅವನು ನನ್ನ ಮುಖ ನೋಡಲಿಲ್ಲ. "ಕಟ್ಟಿದ್ದು ನಾನಲ್ಲ. ನೀವು," ಎಂದ.

ಅದು ನಿಜವಾಗಿದ್ದರಿಂದ ಕೈ ಎತ್ತಲಾಗಲಿಲ್ಲ. ನಯನ ಕುರ್ಚಿಯಿಂದ ಎದ್ದು ಗೋಡೆಗೆ ಒರಗಿ ನಿಂತಳು.

"ತಪ್ಪು ನಿನಗೆ ಹೆಂಗೆ ಕಂಡಿತು? ನೀನಾಗೇ ತೆರೆದು ನೋಡಿದ್ಯಾ?"

ಜಯಕುಮಾರ್ ಮೆತ್ತಗೆ ಹೇಳಿದ. "ಹನ್ನೆರಡಕ್ಕೆ ಬೆಳಿಗ್ಗೆ ಒಂದು ಫೋನ್ ಬಂತು. ಉಣ್ಣಿ ಔಷಧಿ ಹತ್ತು ಲೀಟರಿಗೆ ಹನ್ನೊಂದು ಮುಚ್ಚಳ ಅಂತಾರೆ, ಸರೀನಾ ಅಂತ ಕೇಳ್ದ. ನಾನು ನೋಡ್ದೆ, ಗಾಬರಿ ಆಯ್ತು. ಅಲ್ಲ, ಮೂರೇ ಮುಚ್ಚಳ ಅಂದೆ. ಎರಡು ಸಲ ಹೇಳ್ದೆ ಅಣ್ಣ. ಮೂರು ದಾಟಿದ್ರೆ ಕುರಿ ಉಳಿಯಲ್ಲ ಅಂತಲೂ ಹೇಳ್ದೆ. ದೇವರಾಣೆ."

"ಯಾರು ಅವನು?"

"ಹೆಸರು ಹೇಳ್ಲಿಲ್ಲ. ನಂಬರ್ ಬರ್ಕೊಂಡಿದೀವಿ."

ಬಂದ ಕರೆಗಳನ್ನು ಬರೆದಿಡುವ ರಿಜಿಸ್ಟರು ನಯನಳ ಮೇಜಿನ ಮೇಲೇ ಇತ್ತು. ಹನ್ನೆರಡನೇ ತಾರೀಕಿನ ಪುಟದಲ್ಲಿ ಒಂದೇ ಒಂದು ಕರೆ. ಹತ್ತು ಗಂಟೆ ಇಪ್ಪತ್ತು ನಿಮಿಷ, ಉಣ್ಣಿ ಔಷಧಿ, ಒಂದು ನಂಬರು. ಆ ನಂಬರನ್ನು ಒಂದೊಂದೇ ಅಂಕಿಯಾಗಿ ನನ್ನ ಫೋನಿನಲ್ಲಿ ಒತ್ತಿದೆ. ಕೊನೆಯ ಅಂಕಿ ಒತ್ತುತ್ತಿದ್ದಂತೆ ಹೆಸರು ತಾನಾಗಿ ಮೂಡಿತು. ಮೂರು ದಿನದ ಹಿಂದೆ, ಸತ್ತ ಕುರಿಗಳ ಮಧ್ಯೆ ನಿಂತು, ನಾನೇ ಉಳಿಸಿಕೊಂಡಿದ್ದ ಹೆಸರು.

ಸಿದ್ದಯ್ಯ.

"ಸೌಮ್ಯವ್ವ ಹೇಳಿದ್ಮೇಲೆ ಇನ್ಯಾರ್ನ ಕೇಳಾನ ಸಾಮಿ? ಕಂಪ್ನಿ ನಂಬ್ರ ಕರ್ರಗೈತೋ ಬೆಳ್ಳಗೈತೋ ನಂಗೊತ್ತಿಲ್ಲ" ಎಂದು ಡೈರಿಯ ಮುಂದೆ ಟವೆಲ್ಲಿನಿಂದ ಕಣ್ಣೊರೆಸಿಕೊಂಡಿದ್ದ ಸಿದ್ದಯ್ಯ. ಅವನ ಕಣ್ಣೀರು ನೋಡಿಯೇ ನನಗೆ ಸೌಮ್ಯಳ ಮೇಲೆ ಸಿಟ್ಟು ಏರಿತ್ತು. ಮೂರು ದಾಟಿದರೆ ಕುರಿ ಉಳಿಯುವುದಿಲ್ಲ ಎಂದು ಕೇಳಿಸಿಕೊಂಡು, ಎರಡು ದಿನ ಬಿಟ್ಟು, ತನ್ನದೇ ಮಂದೆಗೆ ಹನ್ನೊಂದು ಮುಚ್ಚಳ ಹುಯ್ದವನು ಅವನು. ಯಾಕೆ ಎಂದು ಇನ್ನೂ ಗೊತ್ತಿರಲಿಲ್ಲ; ಆದರೆ ಸೌಮ್ಯಳ ಬುಕ್ಕಿನಿಂದ ಹೊರಟ ಜಾಡು ನೇರ ಅವನ ಮನೆಬಾಗಿಲಿಗೆ ಬಂದಿತ್ತು.

ಗಡಿಯಾರ ಒಂದೂ ಮುಕ್ಕಾಲು ತೋರಿಸುತ್ತಿತ್ತು. ಸೌಮ್ಯಳ ಫೋನಿಗೆ ಕರೆ ಮಾಡಿದೆ. ಸಿಗ್ನಲ್ ಇಲ್ಲ. ಮತ್ತೆ ಮಾಡಿದೆ. ಐದನೇ ಸಲಕ್ಕೆ ರಿಂಗಾಯಿತು. ಎತ್ತಿದ್ದು ಬೋರಮ್ಮ. ಏದುಸಿರು ಬಿಡುತ್ತಿದ್ದರು.

"ಅವ್ವಾ, ಸೌಮ್ಯನಿಗೆ ಫೋನ್ ಕೊಡಿ. ಅವಳು ಹೇಳಿದ್ದೆಲ್ಲ ನಿಜ. ತಪ್ಪು ನಂದು. ನಾಲ್ಕು ಗಂಟೆಗೆ ಎಲ್ಲರ ಮುಂದೆ ನಾನೇ ಹೇಳ್ತೀನಿ. ಸೈನ್ ಮಾತ್ರ ಹಾಕ್ಬೇಡ ಅನ್ನಿ."

ಆ ಕಡೆ ಬರೀ ಗಾಳಿಯ ಸದ್ದು. ಬಂಡೆ ಹತ್ತಿ ನಿಂತಿದ್ದರು ಎಂದು ತೋರುತ್ತದೆ.

"ನಿಮ್ಗೆ ಹೇಳಾನ ಅಂತ್ಲೇ ಮೇಲಕ್ ಬಂದೆ," ಎಂದರು ಕೊನೆಗೆ. "ಹಾಕ್ಬುಟ್ಲು. ನೀವ್ ಹೋದ್ ಒಸಿ ಹೊತ್ಗೇ ಸಿದ್ದಯ್ಯ ಕಾಗ್ದ ತಕ್ಕಂಡ್ ಬಂದ. ಜನದ ಮುಂದೆ ಯಾಕವ್ವ ಮಾನ ಕಳ್ಕತೀಯ, ಇಲ್ಲೇ ಹಾಕ್ಬುಡು ಅಂದ. ಪೆನ್ನೂ ಅವ್ನೇ ಕೊಟ್ಟ."

"ನಾನು ಬೇಡ ಅಂದಿದ್ನಲ್ಲವ್ವ."

"ನಾನೂ ಬ್ಯಾಡ ಅಂದೆ ಕಣಪ್ಪ. ನಟರಾಜಣ್ಣ ಓದಿ ತಿಳ್ಕಂಡೋರು, ಅಷ್ಟ್ ಜನದ ಮುಂದೆ ಸುಮ್ಸುಮ್ಕೆ ಹೇಳ್ತಾರಾ, ನನ್ ಕಣ್ಣೇ ತಪ್ಪು ಓದಿರ್ಬೇಕು ಅತ್ತೆ ಅಂದ್ಲು. ಹಾಕ್ಬುಟ್ಲು."

ಕಿವಿಯಲ್ಲಿ ಗಾಳಿ ಬೀಸುತ್ತಲೇ ಇತ್ತು.

"ಇನ್ನೊಂದ್ ಮಾತು ನಟರಾಜಪ್ಪ. ಸೈನ್ ಹಾಕುಸ್ಕಂಡ್ ಮ್ಯಾಕೆ ಅವ್ನು ಸೌಮ್ಯನ ಬುಕ್ಕೆಲ್ಲೈತೆ ಅಂತ ಕೇಳ್ದ. ನೀವ್ ತಕ್ಕಂಡ್ ಹೋದ್ರಿ ಅಂದೆ. ಮಕ ಬೆಳ್ಳಗಾಗೋಯ್ತು. ಎತ್ಲಾಗ್ ಹೋದ್ರು ಅಂದ, ರಾಮನಗ್ರಕ್ಕೆ ಅಂದ್ಬುಟ್ಟೆ. ಈಗ ಕಾರ್ ಮಾಡ್ಕಂಡ್ ಹೊಂಟವ್ನೆ, ಅವ್ನ್ ಜೊತೆ ಇನ್ನೂ ಮೂವರವ್ರೆ." ಉಸಿರೆಳೆದುಕೊಂಡರು. "ಅದ್ರಾಗೆ ನಮ್ಮುಡ್ಗಿ ಏನ್ ಬರ್ದವ್ಳಪ್ಪ ಅಂತದ್ದು?"